ಲಿವರ್ ಕ್ಯಾನ್ಸರ್ ನೋವಿಗೆ ಯಾವ ಮದ್ದು? ಮಾತ್ರೆ, ಪ್ಯಾಚ್, ವಿಕಿರಣಗಳನ್ನು ತೂಗಿ ನೋಡುವ ಬಗೆ

ಲಿವರ್ ಕ್ಯಾನ್ಸರ್ ಇರುವವರ ಮನೆಗಳಲ್ಲಿ ನೋವಿನ ಮಾತ್ರೆಯ ಬಗ್ಗೆ ಎರಡು ನಂಬಿಕೆಗಳು ಗಟ್ಟಿಯಾಗಿ ಕೂತಿರುತ್ತವೆ. ಮೆಡಿಕಲ್ ಶಾಪಿನಲ್ಲಿ ಕೇಳಿದ ತಕ್ಷಣ ಸಿಗುವ ಮಾತ್ರೆ ಸೌಮ್ಯ ಎಂಬುದು ಒಂದು. ಮಾರ್ಫಿನ್ ಎಂದರೆ ಉಗ್ರ, ಅದು ಕೊನೆಗಾಲದ ಮದ್ದು ಎಂಬುದು ಇನ್ನೊಂದು. ಈ ಕಾಯಿಲೆಯ ಮಟ್ಟಿಗೆ ಎರಡೂ ತಲೆಕೆಳಗು. ಬೆನ್ನುನೋವಿಗೆಂದು ಎಲ್ಲರೂ ನುಂಗುವ ಡೈಕ್ಲೊಫೆನಾಕ್, ಸಿರೋಸಿಸ್ (ಲಿವರ್ ಕಲೆಗಟ್ಟಿ ಗಡುಸಾಗುವ ಕಾಯಿಲೆ) ಇರುವವರ ಕಿಡ್ನಿಯನ್ನು ಕೆಲವೇ ದಿನಗಳಲ್ಲಿ ಕೆಡಿಸಬಲ್ಲದು. ವೈದ್ಯರು ಅಳೆದು ಕೊಟ್ಟ ಸಣ್ಣ ಪ್ರಮಾಣದ ಮಾರ್ಫಿನ್ ತಿಂಗಳುಗಟ್ಟಲೆ ನೋವನ್ನು ಹಿಡಿತದಲ್ಲಿಟ್ಟು, ರೋಗಿ ಕೂತು ಉಣ್ಣುವಂತೆ, ರಾತ್ರಿ ನಿದ್ದೆ ಮಾಡುವಂತೆ ನೋಡಿಕೊಳ್ಳುತ್ತದೆ. ಹಾಗಾಗಿ ಇಲ್ಲಿ ಮದ್ದನ್ನು ಆರಿಸುವಾಗ ಅದು ಎಷ್ಟು ಜೋರು ಎಂದು ಕೇಳುವುದರಿಂದ ಪ್ರಯೋಜನವಿಲ್ಲ. ನೋವು ಎಲ್ಲಿಂದ ಬರುತ್ತಿದೆ, ಉಳಿದಿರುವ ಲಿವರ್ ಮತ್ತು ಕಿಡ್ನಿ ಯಾವುದನ್ನು ತಡೆದುಕೊಳ್ಳುತ್ತವೆ ಎಂದು ಕೇಳಬೇಕು.

ಕೆಳಗಿನ ಪ್ರಮಾಣಗಳು ವೈದ್ಯರ ಜೊತೆ ಕೂತು ಮಾತಾಡುವುದಕ್ಕೆ. ಚೀಟಿಯಲ್ಲಿ ಬರೆದ ಪ್ರಮಾಣವನ್ನು ಇದನ್ನು ಓದಿ ಮನೆಯಲ್ಲೇ ಬದಲಿಸಬೇಡಿ.

ನೋವಿನ ಮೂಲ ಯಾವುದು

ಲಿವರ್‌ನ ಒಳಭಾಗಕ್ಕೆ ನೋವಿನ ಅರಿವು ಇಲ್ಲವೆಂದೇ ಹೇಳಬಹುದು. ಗಡ್ಡೆ ಬೆಳೆದು, ಲಿವರ್‌ಗೆ ಹೊದಿಸಿದಂತಿರುವ ತೆಳು ಪೊರೆ ಬಿಗಿದಾಗ ನೋವು ಶುರುವಾಗುತ್ತದೆ. ಬಲಗಡೆ ಪಕ್ಕೆಲುಬಿನ ಕೆಳಗೆ ಒತ್ತಿ ಹಿಡಿದಂತೆ, ಭಾರ ಇಟ್ಟಂತೆ ಇರುತ್ತದೆ. ಬಲ ಮಗ್ಗುಲಿಗೆ ಮಲಗಿದರೆ, ಆಳವಾಗಿ ಉಸಿರೆಳೆದರೆ ಹೆಚ್ಚುತ್ತದೆ. ಕೆಲವರಿಗೆ ನೋವು ಕಾಣಿಸಿಕೊಳ್ಳುವುದು ಬಲ ಭುಜದಲ್ಲಿ. ಲಿವರ್‌ನ ಮೇಲ್ಭಾಗ ವಪೆಯನ್ನು (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯು) ಕೆಣಕಿದಾಗ, ವಪೆಯ ನರದ ಬೇರು ಕತ್ತಿನಲ್ಲಿರುವುದರಿಂದ ನೋವು ಭುಜಕ್ಕೆ ಬಂದಂತೆ ಅನಿಸುತ್ತದೆ. ಅಂಥವರ ಭುಜಕ್ಕೆ ಎಣ್ಣೆ ತಿಕ್ಕಿಸಿ, ಎಕ್ಸ್‌ರೇ ತೆಗೆಸಿ ವಾರಗಳೇ ಕಳೆದುಹೋಗುವುದುಂಟು.

ಬೆನ್ನುಮೂಳೆ, ಸೊಂಟ, ಪಕ್ಕೆಲುಬುಗಳಿಗೆ ಹರಡಿದ ಗಡ್ಡೆಯ ನೋವು ಬೇರೆ ತರಹ. ಒಂದೇ ಜಾಗದಲ್ಲಿ, ಬೆರಳಿಟ್ಟು ತೋರಿಸುವಂತೆ, ಎದ್ದು ಓಡಾಡಿದರೆ ಜಾಸ್ತಿ. ಹೊಟ್ಟೆಯಲ್ಲಿ ನೀರು ತುಂಬಿ ಬಿಗಿಯುವ ನೋವು ಮತ್ತೊಂದು. ಅದಕ್ಕೆ ಮಾತ್ರೆಯ ಮೇಲೆ ಮಾತ್ರೆ ಕೊಡುವ ಬದಲು ನೀರು ತೆಗೆಸಿದರೆ ಅದೇ ದಿನ ಹಗುರಾಗುತ್ತದೆ. 5 ಲೀಟರಿಗಿಂತ ಹೆಚ್ಚು ತೆಗೆದರೆ ಪ್ರತಿ ಲೀಟರಿಗೆ 6ರಿಂದ 8 ಗ್ರಾಂ ಲೆಕ್ಕದಲ್ಲಿ ಆಲ್ಬುಮಿನ್ ಎಂಬ ರಕ್ತದ ಪ್ರೊಟೀನಿನ ಡ್ರಿಪ್ ಕೊಡಬೇಕು, ಇಲ್ಲದಿದ್ದರೆ ಬಿಪಿ ಇಳಿದು ಕಿಡ್ನಿಗೆ ಪೆಟ್ಟು ಬೀಳುತ್ತದೆ. ಗಡ್ಡೆಯ ರಕ್ತನಾಳ ಮುಚ್ಚುವ ಟೇಸ್ ಚಿಕಿತ್ಸೆಯ ನಂತರ ನೋವು, ಜ್ವರ, ವಾಂತಿ ಬರುವುದು ಸಾಮಾನ್ಯ. ಅದು ಕೆಲವು ದಿನಗಳಲ್ಲಿ ಇಳಿಯುವ ನೋವು, ಅದನ್ನು ನೋಡಿ ದೀರ್ಘಕಾಲದ ಮದ್ದು ಶುರುಮಾಡಬೇಕಿಲ್ಲ.

ವೈದ್ಯರ ಹತ್ತಿರ ಹೋಗುವಾಗ ಇತ್ತೀಚಿನ ರಕ್ತಪರೀಕ್ಷೆಯ ವರದಿ ಕೈಯಲ್ಲಿರಲಿ. ಬಿಲಿರುಬಿನ್ (ಕಾಮಾಲೆಯ ಅಳತೆ), ಆಲ್ಬುಮಿನ್, ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ವೇಗದ ಅಳತೆ), ಹೊಟ್ಟೆಯ ನೀರು, ಮಂಪರು, ಈ ಐದನ್ನು ಕೂಡಿಸಿ ಲಿವರ್‌ನ ಸ್ಥಿತಿಯನ್ನು ಚೈಲ್ಡ್ ಎ, ಬಿ, ಸಿ ಎಂದು ವಿಂಗಡಿಸುತ್ತಾರೆ; ಎ ಎಂದರೆ ಲಿವರ್ ಇನ್ನೂ ಗಟ್ಟಿ, ಸಿ ಎಂದರೆ ತೀರಾ ಸೋತದ್ದು. ಜೊತೆಗೆ ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್, ಸೋಡಿಯಂ, ಪ್ಲೇಟ್‌ಲೆಟ್ ಬೇಕು. ಕ್ರಿಯಾಟಿನಿನ್ ವಿಷಯದಲ್ಲಿ ಒಂದು ಎಚ್ಚರ: ಸೊರಗಿ ಮಾಂಸಖಂಡ ಕರಗಿದವರಲ್ಲಿ ಅದು ಕಡಿಮೆಯೇ ಕಾಣುತ್ತದೆ. 1.1 ಇದೆ, ಕಿಡ್ನಿ ಚೆನ್ನಾಗಿದೆ ಎಂದು ನಿಶ್ಚಿಂತರಾಗುವಂತಿಲ್ಲ.

ಪ್ಯಾರಾಸಿಟಮಾಲ್ ಮತ್ತು ಅದರ ಪಕ್ಕದಲ್ಲೇ ಇರುವ ಮಾತ್ರೆಗಳು

ಪ್ಯಾರಾಸಿಟಮಾಲ್ ಲಿವರ್ ಕೆಡಿಸುತ್ತದೆ ಎಂದು ಕೇಳಿದವರು ಅದನ್ನು ಬಿಟ್ಟು ಐಬುಪ್ರೊಫೇನ್ ಹಿಡಿಯುತ್ತಾರೆ. ಇದಕ್ಕಿಂತ ಕೆಟ್ಟ ಅದಲು ಬದಲು ಇನ್ನೊಂದಿಲ್ಲ. ಮಿತಿಯಲ್ಲಿ ಕೊಟ್ಟರೆ ಪ್ಯಾರಾಸಿಟಮಾಲ್ ಈ ರೋಗಿಗಳಿಗೆ ಇರುವುದರಲ್ಲೇ ಸುರಕ್ಷಿತ. ಸಿರೋಸಿಸ್ ಇದ್ದವರಿಗೆ, ಕುಡಿತದ ಚಾಳಿ ಇದ್ದವರಿಗೆ, ಊಟ ಸೇರದವರಿಗೆ ದಿನದ ಮಿತಿ 2 ಗ್ರಾಂ. ಎಂದರೆ 500ರ ಮಾತ್ರೆ 6 ಗಂಟೆಗೊಂದರಂತೆ ನಾಲ್ಕು, ಅಥವಾ ಡೋಲೋ 650 ಎಂಟು ಗಂಟೆಗೊಂದರಂತೆ ಮೂರು. ನೀರಿಗೆ ಹಾಕಿದರೆ ಬುರುಬುರು ಕರಗುವ ಬಗೆಯದು ಬೇಡ. ಅದರಲ್ಲಿ ಸೋಡಿಯಂ ತುಂಬಾ ಇರುತ್ತದೆ, ಹೊಟ್ಟೆಯ ನೀರು ಹೆಚ್ಚುತ್ತದೆ. ಹೊಟ್ಟೆಯಲ್ಲಿ ನೀರಿರುವವರಿಗೆ ಜ್ವರ ಬಂದರೆ ಪ್ಯಾರಾಸಿಟಮಾಲ್ ಕೊಟ್ಟು ಸುಮ್ಮನಾಗಬಾರದು, ಆ ನೀರಿಗೇ ಸೋಂಕು ತಗಲಿರಬಹುದು. ಅದೇ ದಿನ ತೋರಿಸಿ.

ಎಡವಟ್ಟಾಗುವುದು ಜೋಡಿ ಮಾತ್ರೆಗಳಲ್ಲಿ. ಸ್ಟ್ರಿಪ್ಪನ್ನು ತಿರುಗಿಸಿ, ಹಿಂಬದಿಯ ಸಣ್ಣ ಅಕ್ಷರ ಓದಿ. ಕಾಂಬಿಫ್ಲಾಮ್‌ನಲ್ಲಿ ಪ್ಯಾರಾಸಿಟಮಾಲ್ 325ರ ಜೊತೆ ಐಬುಪ್ರೊಫೇನ್ 400 ಇದೆ. ಜೀರೋಡಾಲ್-ಪಿಯಲ್ಲಿ ಅದೇ 325ರ ಜೊತೆ ಅಸೆಕ್ಲೊಫೆನಾಕ್ 100. ಅಲ್ಟ್ರಾಸೆಟ್‌ನಲ್ಲಿ ಟ್ರಮಡಾಲ್ 37.5. ನೆಗಡಿ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಅಡಗಿರುತ್ತದೆ. ಡೋಲೋ ಮೂರು ಕೊಡುತ್ತಿದ್ದು, ನೆಗಡಿಗೆಂದು ಇನ್ನೆರಡು ಕೊಟ್ಟರೆ 2 ಗ್ರಾಂ ದಾಟಿಹೋಯಿತು.

ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್, ಐಬುಪ್ರೊಫೇನ್, ನ್ಯಾಪ್ರಾಕ್ಸೆನ್, ಎಟೊರಿಕಾಕ್ಸಿಬ್ ಇವನ್ನು ಸಿರೋಸಿಸ್ ಇರುವವರು ಮುಟ್ಟಲೇಬಾರದು. ಕಾರಣ ಹೀಗಿದೆ. ಸಿರೋಸಿಸ್‌ನಲ್ಲಿ ಕಿಡ್ನಿಗೆ ರಕ್ತ ಹರಿಯುವುದೇ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕದ ಬಲದಿಂದ. ಈ ಮಾತ್ರೆಗಳು ಅದನ್ನೇ ತಡೆಯುತ್ತವೆ. ಮೂತ್ರ ಕಡಿಮೆಯಾಗುತ್ತದೆ, ನೀರು ಇಳಿಸುವ ಲಾಸಿಕ್ಸ್, ಆಲ್ಡಕ್ಟೋನ್ ಕೆಲಸ ಮಾಡದಾಗುತ್ತವೆ, ಕಾಲು ಊದುತ್ತದೆ. ಅನ್ನನಾಳದಲ್ಲಿ ಉಬ್ಬಿದ ರಕ್ತನಾಳಗಳಿದ್ದರೆ ರಕ್ತವಾಂತಿಯ ಅಪಾಯವೂ ಸೇರುತ್ತದೆ. ಗ್ಯಾಸ್ ಮಾತ್ರೆ ಜೊತೆಗೆ ಕೊಟ್ಟರೆ ಆಯಿತಲ್ಲ ಎನ್ನುವವರಿದ್ದಾರೆ. ಅದು ಹೊಟ್ಟೆಯ ಹುಣ್ಣನ್ನು ತಡೆಯಬಹುದು, ಕಿಡ್ನಿಯನ್ನು ಕಾಪಾಡುವುದಿಲ್ಲ. ನಿಮೆಸುಲೈಡ್ ಅಂತೂ ನೇರವಾಗಿ ಲಿವರ್‌ಗೇ ಹಾನಿ ಮಾಡಿದ ಉದಾಹರಣೆಗಳಿರುವ ಮದ್ದು. ಹಳ್ಳಿಯ ಕ್ಲಿನಿಕ್ಕಿನಲ್ಲಿ ನೋವಿಗೆಂದು ಸೂಜಿ ಚುಚ್ಚಿಸುವ ಮೊದಲು ಅದು ವೊವೆರಾನ್, ಅಂದರೆ ಡೈಕ್ಲೊಫೆನಾಕ್, ಅಲ್ಲ ತಾನೆ ಎಂದು ಕೇಳಿ. ಲಿವರ್ ತೊಂದರೆ ಇದೆ ಎಂದು ಮೊದಲೇ ಹೇಳಿ.

ಕಷಾಯದ ಬಗ್ಗೆಯೂ ಇಲ್ಲೇ ಹೇಳುವುದು ಒಳ್ಳೆಯದು. ಕೋವಿಡ್ ಕಾಲದಲ್ಲಿ ರೋಗನಿರೋಧಕ ಶಕ್ತಿಗೆಂದು ಅಮೃತಬಳ್ಳಿ ಕುಡಿದ ಕೆಲವರಿಗೆ ಲಿವರ್ ಉರಿಯೂತವಾದದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. ಮೊದಲೇ ಸೋತಿರುವ ಲಿವರ್ ಮೇಲೆ ಇಂಥ ಪ್ರಯೋಗ ಬೇಡ. ಕುಡಿಯುತ್ತಿದ್ದರೆ ಮುಚ್ಚಿಡದೆ ವೈದ್ಯರಿಗೆ ಹೇಳಿ. ಬಿಲಿರುಬಿನ್ ಏಕೆ ಏರಿತು ಎಂದು ಅವರು ಹುಡುಕುವಾಗ ಆ ಒಂದು ಮಾತು ಬೇಕಾಗುತ್ತದೆ.

ಟ್ರಮಡಾಲೋ, ಸಣ್ಣ ಪ್ರಮಾಣದ ಮಾರ್ಫಿನೋ

ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಕೊಟ್ಟ ಮೂರು ಮೆಟ್ಟಿಲುಗಳ ಏಣಿಯಲ್ಲಿ ಪ್ಯಾರಾಸಿಟಮಾಲ್ ಸಾಲದಾದಾಗ ಕೊಡೀನ್ ಥರದ ಸೌಮ್ಯ ಮದ್ದು, ಆಮೇಲೆ ಮಾರ್ಫಿನ್ ಎಂಬ ಕ್ರಮವಿತ್ತು. ಲಿವರ್ ಕ್ಯಾನ್ಸರ್‌ನಲ್ಲಿ ನಡುವಿನ ಮೆಟ್ಟಿಲೇ ಅಲುಗಾಡುತ್ತದೆ. ಕೊಡೀನ್ ಕೆಲಸ ಮಾಡಬೇಕಾದರೆ ಲಿವರ್ ಅದನ್ನು ಮಾರ್ಫಿನ್ ಆಗಿ ಬದಲಿಸಬೇಕು. ಟ್ರಮಡಾಲ್ ಸಹ ಲಿವರ್‌ನಲ್ಲಿ ಬದಲಾದ ಮೇಲೆಯೇ ಪೂರ್ತಿ ಬಲ ಪಡೆಯುತ್ತದೆ. ಸೋತ ಲಿವರ್‌ನಲ್ಲಿ ಈ ಬದಲಾವಣೆ ಅರೆಬರೆ. ನೋವು ಇಳಿಯುವುದಿಲ್ಲ, ಮದ್ದು ಮಾತ್ರ ಮೈಯಲ್ಲಿ ಉಳಿದು ತಲೆಸುತ್ತು, ವಾಕರಿಕೆ, ಕೆಲವರಿಗೆ ಫಿಟ್ಸ್ ತರುತ್ತದೆ. ಖಿನ್ನತೆಗೆ ಎಸಿಟಾಲೊಪ್ರಾಮ್, ಸರ್ಟ್ರಲೀನ್ ಮೊದಲಾದ ಮಾತ್ರೆ ನುಂಗುತ್ತಿರುವವರಿಗೆ ಟ್ರಮಡಾಲ್ ಇನ್ನಷ್ಟು ಅಪಾಯ. ಚೈಲ್ಡ್ ಎ ಸ್ಥಿತಿಯಲ್ಲಿ, ಬೇರೇನೂ ಸಿಗದ ಊರಿನಲ್ಲಿ, 50 ಮಿಲಿಗ್ರಾಂ 12 ಗಂಟೆಗೊಮ್ಮೆ ಕೊಟ್ಟು ನೋಡಬಹುದು. ಅದಕ್ಕಿಂತ ಮುಂದುವರಿದ ಸ್ಥಿತಿಯಲ್ಲಿ ಕಡಿಮೆ ಪ್ರಮಾಣದ ಮಾರ್ಫಿನ್ನೇ ಮೇಲು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಮಾರ್ಫಿನ್‌ಗೂ ಲಿವರ್ ಬೇಕು, ಆದರೆ ಅದರ ವರ್ತನೆಯನ್ನು ಮುಂಚೆಯೇ ಅಂದಾಜು ಮಾಡಬಹುದು. ನುಂಗಿದ ಮಾರ್ಫಿನ್‌ನಲ್ಲಿ ಆರೋಗ್ಯವಂತರ ಮೈಗೆ ದಕ್ಕುವುದು ಸುಮಾರು ಮೂರನೇ ಒಂದು ಪಾಲು. ಉಳಿದದ್ದನ್ನು ಲಿವರ್ ದಾರಿಯಲ್ಲೇ ಕರಗಿಸುತ್ತದೆ. ಸಿರೋಸಿಸ್‌ನಲ್ಲಿ ಈ ತಡೆ ಸಡಿಲವಾಗಿ ಹೆಚ್ಚು ಪಾಲು ರಕ್ತಕ್ಕೆ ಸೇರುತ್ತದೆ, ಹೊರಹೋಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಆದ್ದರಿಂದ ಎರಡು ಬದಲಾವಣೆ: ಪ್ರಮಾಣ ಕಡಿಮೆ, ಅಂತರ ಹೆಚ್ಚು. ಸಾಮಾನ್ಯವಾಗಿ 4 ಗಂಟೆಗೊಮ್ಮೆ ಕೊಡುವುದನ್ನು ಇಲ್ಲಿ 2.5ರಿಂದ 5 ಮಿಲಿಗ್ರಾಂ, 6ರಿಂದ 8 ಗಂಟೆಗೊಮ್ಮೆ ಶುರುಮಾಡುತ್ತಾರೆ. ನಮ್ಮಲ್ಲಿ ಸಿಗುವುದು ಸಾಮಾನ್ಯವಾಗಿ 10 ಮಿಲಿಗ್ರಾಂ ಮಾತ್ರೆ. ಅರ್ಧ ಮಾಡಿದರೆ 5, ಕಾಲು ಮಾಡಿದರೆ 2.5. ಮೆಡಿಕಲ್ ಶಾಪಿನಲ್ಲಿ ಸಿಗುವ ಮಾತ್ರೆ ಕತ್ತರಿಸುವ ಡಬ್ಬಿ ತಂದುಕೊಳ್ಳಿ, ಚಾಕುವಿನಲ್ಲಿ ಕತ್ತರಿಸಿದರೆ ತುಂಡುಗಳು ಸಮನಾಗುವುದಿಲ್ಲ. ಎಸ್‌ಆರ್ ಎಂದು ಬರೆದಿರುವ, ನಿಧಾನವಾಗಿ ಬಿಡುವ ಮಾತ್ರೆಯನ್ನು ಮಾತ್ರ ಎಂದಿಗೂ ಮುರಿಯಬಾರದು, ಪುಡಿ ಮಾಡಬಾರದು. 12 ಗಂಟೆಯ ಮದ್ದು ಒಮ್ಮೆಗೇ ಮೈಗೆ ಸೇರುತ್ತದೆ. ಲಿವರ್ ತೀರಾ ಸೋತವರಿಗೆ ಎಸ್‌ಆರ್ ಮಾತ್ರೆ ಬರೆಯದಿರುವುದೇ ಒಳ್ಳೆಯದು.

ನಡುವೆ ನೋವು ಮೇಲೆದ್ದರೆ ಕೊಡಲು ಹೆಚ್ಚುವರಿ ಪ್ರಮಾಣವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಸಾಮಾನ್ಯ ಲೆಕ್ಕ, ದಿನದ ಒಟ್ಟು ಮಾರ್ಫಿನ್‌ನ ಹತ್ತನೇ ಒಂದರಿಂದ ಆರನೇ ಒಂದು ಪಾಲು. ದಿನಕ್ಕೆ 20 ಮಿಲಿಗ್ರಾಂ ಹೋಗುತ್ತಿದ್ದರೆ ಹೆಚ್ಚುವರಿ ಸುಮಾರು 2.5. ದಿನಕ್ಕೆ ಮೂರು ನಾಲ್ಕು ಬಾರಿ ಅದು ಬೇಕಾಗುತ್ತಿದ್ದರೆ ಮೂಲ ಪ್ರಮಾಣವೇ ಸಾಲದು ಎಂದರ್ಥ, ವೈದ್ಯರಿಗೆ ತಿಳಿಸಿ.

ಕಿಡ್ನಿ ಕೆಟ್ಟಿದ್ದರೆ ಮಾರ್ಫಿನ್‌ನ ಒಡೆದ ಅಂಶಗಳು ಹೊರಹೋಗದೆ ಮೈಯಲ್ಲಿ ಸೇರಿಕೊಳ್ಳುತ್ತವೆ. ಕೈಕಾಲು ಒಮ್ಮೊಮ್ಮೆ ಝಟ್ಟನೆ ಎಗರುವುದು, ಇಲ್ಲದ್ದು ಕಾಣುವುದು, ಎಬ್ಬಿಸಿದರೂ ಕಣ್ಣು ಬಿಡದಿರುವುದು ಅದರ ಗುರುತು. ಆಗ ಫೆಂಟಾನಿಲ್ ಎಂಬ, ಮಾರ್ಫಿನ್ ಬಗೆಯದೇ ಇನ್ನೊಂದು ಮದ್ದಿನ ಕಡೆ ನೋಡಬೇಕು.

ಚಟ ಹತ್ತುತ್ತದೆಯೇ? ವೈದ್ಯರ ನಿಗಾದಲ್ಲಿ, ಕ್ಯಾನ್ಸರ್ ನೋವಿಗೆಂದು ಕೊಟ್ಟಾಗ ಅದು ಅಪರೂಪ. ಮೊದಲಿನಿಂದ ಕುಡಿತ ಅಥವಾ ಬೇರೆ ಚಟ ಇದ್ದವರ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಅವರ ಮಾತ್ರೆ ಮನೆಯ ಒಬ್ಬರ ಕೈಯಲ್ಲಿರಲಿ. ಮೈ ಒಗ್ಗಿಕೊಂಡಿರುತ್ತದೆ ಎಂಬುದು ನಿಜ, ಅದಕ್ಕೇ ಹಠಾತ್ತನೆ ನಿಲ್ಲಿಸಬಾರದು.

ಮಾತ್ರೆಯೋ ಪ್ಯಾಚೋ

ಫೆಂಟಾನಿಲ್ ಪ್ಯಾಚ್‌ನ ಅನುಕೂಲ ಎದ್ದು ಕಾಣುತ್ತದೆ. ಮೂರು ದಿನಕ್ಕೊಮ್ಮೆ, ಅಂದರೆ 72 ಗಂಟೆಗೊಮ್ಮೆ ಅಂಟಿಸಿದರೆ ಮುಗಿಯಿತು. ವಾಂತಿ ಇದ್ದರೂ ಕೆಲಸ ಮಾಡುತ್ತದೆ, ಮಾರ್ಫಿನ್‌ಗಿಂತ ಮಲಬದ್ಧತೆ ಕಡಿಮೆ, ಕಿಡ್ನಿ ಸೋತವರಿಗೂ ಒಗ್ಗುತ್ತದೆ. ಬೆಲೆ ಮಾತ್ರ ಮಾರ್ಫಿನ್ ಮಾತ್ರೆಗಿಂತ ಬಹಳ ಹೆಚ್ಚು.

ಆದರೆ ಪ್ಯಾಚ್ ನೋವಿನ ಮೊದಲ ಮದ್ದಲ್ಲ. ಗಂಟೆಗೆ 25 ಮೈಕ್ರೋಗ್ರಾಂ ಬಿಡುವ ಪ್ಯಾಚ್ ಎಂದರೆ ದಿನಕ್ಕೆ ಸುಮಾರು 60 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚು ಮಾರ್ಫಿನ್ ನುಂಗಿದಷ್ಟು. ದಿನಕ್ಕೆ 20 ಮಿಲಿಗ್ರಾಂ ಮಾರ್ಫಿನ್‌ನಲ್ಲಿರುವವರಿಗೆ ಅದನ್ನು ಅಂಟಿಸಿದರೆ ಒಂದೇಟಿಗೆ ಮೂರು ಪಟ್ಟು ಏರಿಸಿದಂತೆ. ಮಾರ್ಫಿನ್ ಮುಟ್ಟಿಯೇ ಇಲ್ಲದವರಿಗೆ ಅಂಟಿಸಿದರೆ ಉಸಿರೇ ನಿಲ್ಲಬಹುದು. ಸಿರೋಸಿಸ್ ಇದ್ದರೆ ಲೆಕ್ಕದಿಂದ ಬಂದ ಪ್ರಮಾಣದ ಅರ್ಧದಿಂದ ಶುರುಮಾಡುತ್ತಾರೆ. ಚೈಲ್ಡ್ ಸಿ ಸ್ಥಿತಿಯಲ್ಲಿ ಪ್ಯಾಚ್ ತಪ್ಪಿಸಿ, ಆಸ್ಪತ್ರೆಯಲ್ಲಿ ಸಣ್ಣ ಪ್ರಮಾಣದ ಫೆಂಟಾನಿಲ್ ಇಂಜೆಕ್ಷನ್ ಕೊಡುವುದೇ ವಾಸಿ. ಈ ದಿನ ಅಂಟಿಸಿದ್ದು ಪೂರ್ತಿ ಕೆಲಸ ಮಾಡಲು 12ರಿಂದ 24 ಗಂಟೆ ಬೇಕು, ಆದ್ದರಿಂದ ಮೊದಲ 12 ಗಂಟೆ ಮಾರ್ಫಿನ್ ಮಾತ್ರೆ ಮುಂದುವರಿಸಬೇಕಾಗುತ್ತದೆ. ಕಿತ್ತ ಮೇಲೂ ರಕ್ತದಲ್ಲಿನ ಮದ್ದು ಅರ್ಧಕ್ಕಿಳಿಯಲು 17 ಗಂಟೆ ಅಥವಾ ಹೆಚ್ಚು ಹಿಡಿಯುತ್ತದೆ. ನೋವು ದಿನದಿಂದ ದಿನಕ್ಕೆ ಏರಿಳಿಯುತ್ತಿರುವವರಿಗೆ ಇಷ್ಟು ನಿಧಾನದ ಮದ್ದು ಹೊಂದುವುದಿಲ್ಲ. ನೋವು ಒಂದು ಮಟ್ಟಕ್ಕೆ ನಿಂತವರಿಗೆ, ನುಂಗಲಾಗದವರಿಗೆ ಅದು ಸರಿ.

ಅಂಟಿಸುವಾಗ ಎದೆಯ ಮೇಲ್ಭಾಗ, ಬೆನ್ನು ಅಥವಾ ತೋಳಿನ ಮೇಲ್ಭಾಗದಲ್ಲಿ ಗಾಯವಿಲ್ಲದ ಜಾಗ ನೋಡಿ. ಬರೀ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಸೋಪು, ಎಣ್ಣೆ, ಪೌಡರ್ ಬೇಡ. ಕೂದಲಿದ್ದರೆ ಕತ್ತರಿಯಲ್ಲಿ ಕತ್ತರಿಸಿ, ಬ್ಲೇಡಿನಲ್ಲಿ ಹೆರೆಯಬೇಡಿ. ಅಂಗೈಯಿಂದ 30 ಸೆಕೆಂಡು ಒತ್ತಿ ಹಿಡಿದು, ತಾರೀಖು ಮತ್ತು ಹೊತ್ತನ್ನು ಪೆನ್ನಿನಲ್ಲಿ ಬರೆಯಿರಿ. ಹೊಸದನ್ನು ಹಾಕುವ ಮುನ್ನ ಹಳೆಯದನ್ನು ಹುಡುಕಿ ತೆಗೆಯಿರಿ. ಬೆನ್ನ ಮೇಲಿನ ಹಳೆಯ ಪ್ಯಾಚ್ ಮರೆತು ಇನ್ನೊಂದು ಅಂಟಿಸುವುದು ಆಗಾಗ ನಡೆಯುವ ತಪ್ಪು. ಪ್ಯಾಚ್ ಮೇಲೆ ಬಿಸಿನೀರಿನ ಬ್ಯಾಗು, ಶಾಖದ ಮೂಟೆ, ಹಂಡೆಯ ಸುಡುನೀರಿನ ಸ್ನಾನ ಸಲ್ಲದು. ಬಿಸಿ ತಗುಲಿದರೆ ಮದ್ದು ಜಾಸ್ತಿ ಒಳಗೆ ಹೋಗುತ್ತದೆ. ಜೋರು ಜ್ವರದಲ್ಲೂ ಹೀಗೇ. ಕರಾವಳಿಯ ಬೇಸಿಗೆಯಲ್ಲಿ ಬೆವರಿಗೆ ಅಂಚು ಏಳುತ್ತದೆ, ಅಂಚಿನ ಸುತ್ತ ಮಾತ್ರ ಸರ್ಜಿಕಲ್ ಟೇಪ್ ಹಚ್ಚಬಹುದು. ತೆಗೆದ ಪ್ಯಾಚ್‌ನಲ್ಲಿ ಒಂದು ಮಗುವಿನ ಜೀವಕ್ಕೆ ಅಪಾಯವಾಗುವಷ್ಟು ಮದ್ದು ಉಳಿದಿರುತ್ತದೆ. ಅಂಟುವ ಬದಿ ಒಳಗಾಗುವಂತೆ ಮಡಚಿ ಮಕ್ಕಳ ಕೈಗೆ ಸಿಗದಲ್ಲಿಟ್ಟು, ಕೊಟ್ಟ ಆಸ್ಪತ್ರೆಗೇ ಹಿಂತಿರುಗಿಸಿ.

ಡೆಕ್ಸಾಮೆಥಸೋನೋ, ಒಂದೇ ಸಲದ ವಿಕಿರಣವೋ

ಲಿವರ್ ಪೊರೆ ಬಿಗಿದ ನೋವಿಗೆ ಮಾರ್ಫಿನ್ ಒಂದನ್ನೇ ಏರಿಸುತ್ತಾ ಹೋಗುವುದಕ್ಕಿಂತ ಊತ ಇಳಿಸುವ ದಾರಿ ಹುಡುಕುವುದು ಜಾಣತನ. ಅದಕ್ಕೆ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ 4ರಿಂದ 8 ಮಿಲಿಗ್ರಾಂ, ಬೆಳಿಗ್ಗೆ ತಿಂಡಿಯ ನಂತರ ಒಂದೇ ಸಲ. ಸಂಜೆ ಕೊಟ್ಟರೆ ರಾತ್ರಿ ನಿದ್ದೆ ಹತ್ತುವುದಿಲ್ಲ. ಕೆಲವು ದಿನಗಳಲ್ಲೇ ಫಲ ತಿಳಿಯುತ್ತದೆ. ವಾರವಾದರೂ ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸುವ ಬಗ್ಗೆ ಕೇಳಿ. ಹಸಿವೂ ಒಂದಿಷ್ಟು ಮರಳುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಮಧ್ಯಾಹ್ನ, ಸಂಜೆಯ ಸಕ್ಕರೆ ಏರುತ್ತದೆ, ಆ ಹೊತ್ತಿನಲ್ಲೇ ಪರೀಕ್ಷಿಸಿ. ಹೆಪಟೈಟಿಸ್ ಬಿ ಇರುವವರಲ್ಲಿ ಸ್ಟೀರಾಯ್ಡ್ ಆ ವೈರಸ್ಸನ್ನು ಮತ್ತೆ ಕೆರಳಿಸಬಹುದು. ಅದನ್ನು ತಡೆಯುವ ಎಂಟೆಕಾವಿರ್ ಅಥವಾ ಟೆನೊಫೊವಿರ್ ಮಾತ್ರೆ ನಡೆಯುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಿ. ತಿಂಗಳುಗಟ್ಟಲೆ ಕೊಡುವ ಮದ್ದು ಇದಲ್ಲ, ತೊಡೆಯ ಶಕ್ತಿ ಕುಂದಿ ಎದ್ದು ನಿಲ್ಲುವುದೇ ಕಷ್ಟವಾಗುತ್ತದೆ.

ವಿಕಿರಣದ ವಿಚಾರ ಬಹಳ ಮನೆಗಳಿಗೆ ತಲುಪಿಯೇ ಇಲ್ಲ, ಅದಕ್ಕೇ ಒತ್ತಿ ಹೇಳುತ್ತೇವೆ. ಗಡ್ಡೆ ಗುಣವಾಗಲೆಂದು ಅಲ್ಲ, ನೋವು ಇಳಿಯಲೆಂದೇ ಲಿವರ್‌ಗೆ 8 ಗ್ರೇ (ವಿಕಿರಣದ ಅಳತೆ) ವಿಕಿರಣವನ್ನು ಒಂದೇ ಬಾರಿ ಕೊಡುವ ಕ್ರಮವಿದೆ. ಕೆನಡಾದಲ್ಲಿ ನಡೆದ ಅಧ್ಯಯನದಲ್ಲಿ, ಲಿವರ್‌ನಲ್ಲೇ ಹುಟ್ಟಿದ ಅಥವಾ ಲಿವರ್‌ಗೆ ಹರಡಿದ ಕ್ಯಾನ್ಸರ್ ಇರುವ 66 ಮಂದಿ ಭಾಗವಹಿಸಿದ್ದರು. ತಿಂಗಳ ನಂತರ ಲೆಕ್ಕಕ್ಕೆ ಸಿಕ್ಕವರಲ್ಲಿ, ವಿಕಿರಣ ಪಡೆದ ಶೇ. 67 ಮಂದಿಗೆ ನೋವು ಗಣನೀಯವಾಗಿ ಇಳಿದಿತ್ತು; ಮಾತ್ರೆ ಮತ್ತು ಆರೈಕೆ ಮಾತ್ರ ಪಡೆದವರಲ್ಲಿ ಇದು ಶೇ. 22. ಸಿಟಿ ತೆಗೆದು ಯೋಜನೆ ಮಾಡಲು ಒಂದು ಭೇಟಿ, ವಿಕಿರಣಕ್ಕೆ ಇನ್ನೊಂದು. ವಾಕರಿಕೆ ಬರಬಹುದೆಂದು ಮೊದಲೇ ಒಂಡಾನ್ಸೆಟ್ರಾನ್ ಕೊಡುತ್ತಾರೆ. ಲಿವರ್ ತೀರಾ ಸೋತಿದ್ದರೆ ಅದರ ಮಿತಿ ದಿನಕ್ಕೆ 8 ಮಿಲಿಗ್ರಾಂ. ಫಲ ಕಾಣಲು ವಾರಗಳು ಬೇಕಾದ್ದರಿಂದ, ಹಾಸಿಗೆ ಹಿಡಿದು ಕೆಲವೇ ದಿನ ಉಳಿದಿರುವವರನ್ನು ಇದಕ್ಕಾಗಿ ಓಡಾಡಿಸುವುದು ಸರಿಯಲ್ಲ. ಉಳಿದವರ ವಿಷಯದಲ್ಲಿ, ಬೆಂಗಳೂರಿನ ಕಿದ್ವಾಯಿಯಂಥ ವಿಕಿರಣ ವಿಭಾಗವಿರುವ ಆಸ್ಪತ್ರೆಯಲ್ಲಿ ನೇರವಾಗಿ ಕೇಳಿ: "ಡಾಕ್ಟ್ರೇ, ನೋವಿಗೆ ಒಂದೇ ಸಲ ಕರೆಂಟ್ ಕೊಡಬಹುದಾ?"

ಮೂಳೆಗೆ ಹರಡಿದ ನೋವಿಗೂ ಇದೇ 8 ಗ್ರೇ ಒಂದು ಸಲ, ಹತ್ತು ದಿನ ಹೋಗಿ ಬಂದಷ್ಟೇ ನೋವು ಇಳಿಸುತ್ತದೆ. ವ್ಯತ್ಯಾಸ ಇಷ್ಟೇ: ಒಂದೇ ಸಲ ಪಡೆದವರಲ್ಲಿ ಸುಮಾರು ಶೇ. 20 ಮಂದಿಗೆ ಮುಂದೆ ಮತ್ತೊಮ್ಮೆ ಬೇಕಾಗುತ್ತದೆ, ಹಲವು ದಿನ ಪಡೆದವರಲ್ಲಿ ಶೇ. 8. ರಾಯಚೂರಿನಿಂದಲೋ ಕಾರವಾರದಿಂದಲೋ ಬರುವವರಿಗೆ ಒಂದೇ ಸಲದ್ದು ಎಷ್ಟೋ ಹಗುರ.

ಸೂಜಿಯಿಂದ ಹೊಟ್ಟೆಯ ನರಗುಚ್ಛವನ್ನು ಮರಗಟ್ಟಿಸುವ ವಿಧಾನವೂ ಇದೆ. ಐಎನ್‌ಆರ್ ಏರಿ ಪ್ಲೇಟ್‌ಲೆಟ್ ಇಳಿದಿರುವ ಲಿವರ್ ರೋಗಿಗಳಲ್ಲಿ ರಕ್ತಸ್ರಾವದ ಭಯದಿಂದ ಹಲವರಿಗೆ ಅದು ಆಗುವುದಿಲ್ಲ.

ಉರಿ, ಚುಚ್ಚು, ಶಾಕ್ ಹೊಡೆದಂಥ ನರದ ನೋವಿದ್ದರೆ ಗ್ಯಾಬಪೆಂಟಿನ್ ಅಥವಾ ಪ್ರಿಗ್ಯಾಬಲಿನ್ ಸೂಕ್ತ; ಇವು ಲಿವರ್‌ಗೆ ಹೊರೆಯಾಗದೆ ಕಿಡ್ನಿಯಿಂದ ಹೊರಹೋಗುತ್ತವೆ. ರಾತ್ರಿ ಸಣ್ಣ ಪ್ರಮಾಣದಿಂದ ಶುರು, ಕಿಡ್ನಿ ಕೆಟ್ಟಿದ್ದರೆ ಇನ್ನೂ ಕಡಿಮೆ. ಡುಲಾಕ್ಸೆಟೀನ್ ಲಿವರ್ ಕಾಯಿಲೆಯಲ್ಲಿ ಬೇಡ.

ಮಲಬದ್ಧತೆ ಇಲ್ಲಿ ಬರೀ ಕಿರಿಕಿರಿಯಲ್ಲ

ಮಾರ್ಫಿನ್ ಶುರುವಾದ ದಿನವೇ ಲ್ಯಾಕ್ಟುಲೋಸ್ ಸಹ ಶುರುವಾಗಬೇಕು. ಮಲ ಕರುಳಿನಲ್ಲೇ ನಿಂತರೆ ಅಮೋನಿಯಾ ರಕ್ತಕ್ಕೆ ಸೇರುತ್ತದೆ, ಸೋತ ಲಿವರ್ ಅದನ್ನು ತೆಗೆಯಲಾರದು, ಅದು ಮೆದುಳಿಗೆ ಹೋಗಿ ಮಂಪರು ತರಿಸುತ್ತದೆ. 15ರಿಂದ 30 ಮಿಲಿಲೀಟರ್, ದಿನಕ್ಕೆ ಎರಡು ಸಲ. ಗುರಿ ದಿನಕ್ಕೆ ಎರಡು ಮೂರು ಬಾರಿ ಮೆತ್ತಗಿನ ಮಲ. ನೀರಿನಂತೆ ಐದಾರು ಸಲ ಆದರೆ ಅದೂ ತಪ್ಪು, ನೀರು ಮತ್ತು ಲವಣ ಕಳೆದು ಕಿಡ್ನಿಗೆ ತೊಂದರೆ. ಸಾಲದಿದ್ದರೆ ರಾತ್ರಿ ಬಿಸಾಕೊಡಿಲ್ ಸೇರಿಸುತ್ತಾರೆ. ಇಸಬ್‌ಗೋಲ್ ಒಂದನ್ನೇ ನಂಬಬೇಡಿ, ನೀರು ಕಡಿಮೆ ಕುಡಿಯುವವರ ಕರುಳಿನಲ್ಲಿ ಅದು ಗಟ್ಟಿಯಾಗಿ ಕೂರುತ್ತದೆ.

ಮಂಪರು ಲಿವರ್‌ನಿಂದ ಬಂದದ್ದೋ ಮಾರ್ಫಿನ್ ಹೆಚ್ಚಾಗಿ ಬಂದದ್ದೋ? ಹಗಲು ನಿದ್ದೆ ರಾತ್ರಿ ಎಚ್ಚರ, ಮಾತು ತಪ್ಪುವುದು, ಚಾಚಿದ ಅಂಗೈ ಹಕ್ಕಿ ರೆಕ್ಕೆ ಬಡಿದಂತೆ ಅಲುಗುವುದು ಲಿವರ್ ಮಂಪರಿನ ಕಡೆ ಬೊಟ್ಟು ಮಾಡುತ್ತವೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿ, ಉಸಿರು ನಿಮಿಷಕ್ಕೆ 8ಕ್ಕಿಂತ ಕಡಿಮೆಯಾದರೆ ಮಾರ್ಫಿನ್ ಅಥವಾ ಪ್ಯಾಚ್ ಹೆಚ್ಚಾಗಿದೆ. ಮುಂದಿನ ಮಾತ್ರೆ ಕೊಡದೆ, ಪ್ಯಾಚ್ ಇದ್ದರೆ ಕಿತ್ತು, 108ಕ್ಕೆ ಕರೆ ಮಾಡಿ. ನಿದ್ದೆಗೆಂದು ಆಲ್ಪ್ರಜೋಲಾಮ್, ಡಯಜೆಪಾಮ್ ಕೊಡುವುದು ಎರಡೂ ಬಗೆಯ ಮಂಪರನ್ನು ಹೆಚ್ಚಿಸುತ್ತದೆ.

ಮನೆಯವರಿಗೆ ಕಲಿಸುವಾಗ

ಚೀಟಿ ಬರೆದು "ಗೊತ್ತಾಯ್ತಾ?" ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಮಾತ್ರೆ ಕೊಡುವವರು ಯಾರೋ ಅವರನ್ನೇ ಕೂರಿಸಿ ಕೇಳಬೇಕು: "ಅಮ್ಮಾ, ರಾತ್ರಿ ಎರಡು ಗಂಟೆಗೆ ಯಜಮಾನ್ರಿಗೆ ನೋವು ಜಾಸ್ತಿ ಆಯ್ತು ಅಂದ್ಕೊಳ್ಳಿ. ಯಾವ ಮಾತ್ರೆ, ಎಷ್ಟು ಕೊಡ್ತೀರಾ? ಇಲ್ಲಿ ತೆಗೆದು ತೋರಿಸಿ." ಅವರು ಇಡೀ ಮಾತ್ರೆ ಎತ್ತಿದರೆ ಹೇಳಿದ್ದು ತಲುಪಿಲ್ಲ, ಇನ್ನೊಮ್ಮೆ ಬೇರೆ ಥರ ಹೇಳಬೇಕು. ಓದು ಬರದವರಿಗೆ ಪ್ರತಿ ಹೊತ್ತಿನ ಮಾತ್ರೆಯನ್ನು ಬೇರೆ ಬೇರೆ ಕವರಿನಲ್ಲಿಟ್ಟು, ಸೂರ್ಯ, ಚಂದ್ರನ ಚಿತ್ರ ಬರೆದುಕೊಡಿ. ನೋವನ್ನು 0ಯಿಂದ 10ರ ಅಂಕದಲ್ಲಿ ಹೇಳಲಾಗದವರಿಗೆ ರೂಪಾಯಿ ಲೆಕ್ಕ ಸಲೀಸು: ಹತ್ತಾಣೆ ನೋವೋ, ಹದಿನಾರಾಣೆ ನೋವೋ? ಒಂದು ನೋಟ್‌ಬುಕ್ಕಿನಲ್ಲಿ ಹೊತ್ತು, ನೋವು, ಕೊಟ್ಟ ಮಾತ್ರೆ, ಒಂದು ಗಂಟೆಯ ನಂತರದ ನೋವು, ಮಲ ಆಯಿತೋ ಇಲ್ಲವೋ ಇಷ್ಟನ್ನು ಬರೆದಿಟ್ಟರೆ ಮುಂದಿನ ಭೇಟಿಯಲ್ಲಿ ವೈದ್ಯರು ಪ್ರಮಾಣವನ್ನು ಊಹೆಯಿಂದ ಅಲ್ಲ, ಲೆಕ್ಕದಿಂದ ಬದಲಿಸುತ್ತಾರೆ.

ಮಾರ್ಫಿನ್ ಎಲ್ಲ ಅಂಗಡಿಗಳಲ್ಲಿ ಸಿಗುವುದಿಲ್ಲ. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾದ ಮೇಲೆ, ಮಾನ್ಯತೆ ಪಡೆದ ಆಸ್ಪತ್ರೆಗಳು ಅದನ್ನು ಇಟ್ಟುಕೊಂಡು ರೋಗಿಗಳಿಗೆ ಕೊಡುವುದು ಸುಲಭವಾಗಿದೆ. ಪ್ಯಾಲಿಯೇಟಿವ್ ಕೇರ್ (ನೋವು, ಸಂಕಟ ಇಳಿಸುವ ಆರೈಕೆ) ವಿಭಾಗ ಎಲ್ಲಿದೆ ಎಂದು ಕೇಳಿಕೊಂಡು ಹೋಗಿ. ಬೆಂಗಳೂರಿನ ಕರುಣಾಶ್ರಯದಲ್ಲಿ ಮುಂದುವರಿದ ಕ್ಯಾನ್ಸರ್ ರೋಗಿಗಳಿಗೆ ಉಚಿತ ಆರೈಕೆಯಿದೆ, ಮನೆಗೆ ಬಂದು ನೋಡುವ ತಂಡವೂ ಇದೆ. ಚಿಕಿತ್ಸೆ ನಡೆಯುತ್ತಿರುವಾಗಲೇ ಹೆಸರು ಬರೆಸಿ. ನೋವು ತಾರಕಕ್ಕೇರಿದ ರಾತ್ರಿ ಹುಡುಕಲು ಹೊರಟರೆ ಮಾರ್ಫಿನ್ ಸಿಗುವುದಿಲ್ಲ.

ಯಾವ ಮಾತ್ರೆಗೂ ಕಾಯದೆ ನೇರ ಆಸ್ಪತ್ರೆಗೆ ಹೊರಡಬೇಕಾದ ಸಂದರ್ಭಗಳೂ ಇವೆ. ಹೊಟ್ಟೆಯಲ್ಲಿ ಒಮ್ಮೆಗೇ ತೀವ್ರ ನೋವು ಬಂದು, ಮೈ ತಣ್ಣಗಾಗಿ ಬೆವತು ತಲೆಸುತ್ತಿ ಬಿದ್ದರೆ ಗಡ್ಡೆ ಒಡೆದು ಒಳಗೆ ರಕ್ತ ಸೋರುತ್ತಿರಬಹುದು. ರಕ್ತವಾಂತಿ, ಟಾರಿನಂಥ ಕಪ್ಪು ಮಲ ಇನ್ನೊಂದು. ಬೆನ್ನುನೋವಿನ ಜೊತೆ ಕಾಲಿನ ಶಕ್ತಿ ಕುಂದಿದರೆ, ಮೂತ್ರ ಕಟ್ಟಿದರೆ ಬೆನ್ನುಹುರಿ ಒತ್ತಿಹೋಗಿದೆ ಎಂದು ತಿಳಿದು 24 ಗಂಟೆಯೊಳಗೆ ಎಂಆರ್‌ಐ ಮತ್ತು ಚಿಕಿತ್ಸೆ ಆಗಬೇಕು; ಅದಕ್ಕಿಂತ ತಡವಾದರೆ ನಡೆಯುವ ಶಕ್ತಿ ಮರಳುವುದು ಕಷ್ಟ.